ಲಾರಿಯ ಹೊಟ್ಟೆಯ ಸದ್ದು

ಜನವರಿ ೬

ಮಗಳಿಗೆ,

ನಾನು ಬದುಕಿದ್ದೇನೆ, ನಾಯಿಯೂ ಬದುಕಿದೆ, ಅಂಗಡಿಯೂ ನಡೆಯುತ್ತಿದೆ ಎಂದು ಮೊದಲ ಸಾಲಿನಲ್ಲೇ ತಿಳಿಸಿಬಿಟ್ಟರೆ ಉಳಿದ ಕಾಗದವನ್ನು ನೀನು ನೆಮ್ಮದಿಯಾಗಿ ಓದುತ್ತೀಯ. ಹಳ್ಳಿಯ ಶಾಲೆಯಲ್ಲಿ ಪತ್ರಲೇಖನಕ್ಕೆ ಇಡೀ ತರಗತಿಗೆ ನಾನೇ ಮೊದಲು. ತರಗತಿಯಲ್ಲಿ ಇದ್ದವರೇ ನಾಲ್ಕು ಜನ ಎಂದು ನಿನ್ನಪ್ಪ ಹೇಳಿದರೆ ನಂಬಬೇಡ. ಐದು ಜನ ಇದ್ದೆವು.

ನೀನು ಬಂದರಿನಲ್ಲಿ ಕ್ರೇನ್ ಓಡಿಸಲು ಹೊರಟ ದಿನ ಈ ಗ್ರೇಟ್ ಡೇನ್ ಮರಿಯನ್ನು ತಂದು ನನ್ನ ಟೈರಿನ ರಾಶಿಗೆ ಕಟ್ಟಿ, “ಹಾಸ್ಟೆಲಲ್ಲಿ ನಾಯಿ ಬಿಡಲ್ಲ ಚಿಕ್ಕಪ್ಪ, ಮನೆ ಸಿಗೋ ತನಕ ಇಟ್ಕೊಳ್ಳಿ” ಎಂದೆ. ನಾನು ಬೇಡ ಅನ್ನುವಷ್ಟರಲ್ಲಿ ನಿನ್ನ ಬಸ್ಸು ತಿರುವು ದಾಟಿತ್ತು. ನೀನಿಟ್ಟ ಇಂಗ್ಲಿಷ್ ಹೆಸರು ನನ್ನ ನಾಲಿಗೆಯಲ್ಲಿ ಹೊರಳಲಿಲ್ಲ. ಲಾರಿ ಎಂದು ಕರೆಯುತ್ತೇನೆ. ಬರುತ್ತಾನೆ.

ಅವನ ಬೆಳವಣಿಗೆ ನೋಡಿದರೆ ನಿನಗೆ ಗರ್ವ ಬರಬೇಕು. ನಾಲ್ಕು ತಿಂಗಳ ಮರಿ, ನಿಂತರೆ ನನ್ನ ಮಂಡಿ ದಾಟುತ್ತಾನೆ. ಇದಕ್ಕೆ ಕಾರಣ ಯಾರು ಎಂದು ಬೇರೆ ಹೇಳಬೇಕಿಲ್ಲ. ನೀನು ಗೋಡೆಗೆ ಅಂಟಿಸಿ ಹೋದ ಊಟದ ವಿವರ ಓದಿದೆ. ಅಷ್ಟು ಚೂರು ಹಾಕಿದರೆ ಅವನು ಸೈಕಲ್ ಆಗುತ್ತಾನೆಯೇ ಹೊರತು ಲಾರಿ ಆಗುವುದಿಲ್ಲ. ಆದ್ದರಿಂದ ಬೆಳಿಗ್ಗೆ ಒಂದು ಪಾತ್ರೆ ಹಾಲು, ಆಮೇಲೆ ಬೇಕರಿಯವನು ಕೊಡುವ ನಿನ್ನೆಯ ಬನ್ನು, ಮಧ್ಯಾಹ್ನ ನನ್ನ ತಟ್ಟೆಯಲ್ಲಿ ಅರ್ಧ, ಸಂಜೆ ಎದುರುಮನೆಯ ಟೈಲರಮ್ಮ ತಂದು ಹಾಕುವ ಮೂಳೆ, ನಡುನಡುವೆ ಗಿರಾಕಿಗಳ ಕಾಣಿಕೆ. ತಟ್ಟೆ ನೆಲಕ್ಕೆ ತಾಗುವ ಮೊದಲೇ ಖಾಲಿ. ತಿಂದವನೇ ಓಟ. ಹಳೆಯ ಟೈರೊಂದನ್ನು ಉರುಳಿಸಿ ಬಿಟ್ಟರೆ ರಸ್ತೆಯ ತುದಿಯವರೆಗೂ ಅದರ ಹಿಂದೆ ಓಡುತ್ತಾನೆ.

ಅಂಗಡಿಯ ವಿಷಯ. ಗಾಳಿ ತುಂಬುವ ಕಂಪ್ರೆಸರಿನ ಮೋಟಾರು ಸುಟ್ಟು ಮೂಲೆ ಹಿಡಿದಿದೆ. ಕೈಪಂಪೇ ಗತಿ. ಅಳತೆಯ ಮೀಟರು ಮಾತ್ರ ನನಗೆ ಬೇಕಿಲ್ಲ. ಹೆಬ್ಬೆರಳು ಒತ್ತಿದರೆ ಟ್ಯೂಬಿನೊಳಗೆ ಎಷ್ಟು ಗಾಳಿ ಇದೆ ಎಂದು ಹೇಳುತ್ತೇನೆ. ರಸ್ತೆಯವರು ನನ್ನನ್ನು ಗಾಳಿಯಣ್ಣ ಎನ್ನುವುದು ಇದಕ್ಕೇ, ನೀನು ನಗುವ ಕಾರಣಕ್ಕಲ್ಲ. ಗಿರಾಕಿಗಳು ಮಾತ್ರ ಮೊದಲಿನಂತಿಲ್ಲ. ಈಗಿನವರಿಗೆ ಗಂಟಲೇ ಇಲ್ಲ, ಎಲ್ಲರೂ ಗೊಣಗುತ್ತಾರೆ.

ಭಾನುವಾರ ನೀನು ಫೋನು ಮಾಡಿದ್ದು ಆಮೇಲೆ ಪರದೆಯ ಮೇಲೆ ಕಂಡಿತು. ಫೋನು ಎತ್ತುವುದು ನಿನ್ನ ಚಿಕ್ಕಮ್ಮನ ಇಲಾಖೆಯಾಗಿತ್ತು, ನಿನಗೆ ಗೊತ್ತು. ಅವಳು ಹೋದ ಮೇಲೆ ಆ ಇಲಾಖೆ ಮುಚ್ಚಿದೆ. ಗುಂಡಿ ಒತ್ತಿ ಬರೆಯೋಣವೆಂದರೆ ನನ್ನ ಹೆಬ್ಬೆರಳು ಒಂದೇ ಸಲಕ್ಕೆ ಮೂರು ಅಕ್ಷರ ಒತ್ತುತ್ತದೆ. ಕಾಗದ ಬರಿ. ಕಾಗದವನ್ನು ಎರಡೆರಡು ಸಲ ಓದಬಹುದು.

ಇಂತಿ,
ಪತ್ರಲೇಖನದಲ್ಲಿ ಮೊದಲಿಗನಾದ ನಿನ್ನ ಚಿಕ್ಕಪ್ಪ


ಜನವರಿ ೧೮

ಚಿಕ್ಕಪ್ಪ,

ನಿಮ್ಮ ಕಾಗದ ಓದಿ ನಗಬೇಕೋ ಬಸ್ಸು ಹತ್ತಬೇಕೋ ತಿಳಿಯಲಿಲ್ಲ. ಹಾಲು, ಬನ್ನು, ಮೂಳೆ, ಅದರ ಮೇಲೆ ಓಟ! ಅದು ಮರಿಯೋ, ನಿಮ್ಮ ಗುಜರಿ ಡಬ್ಬವೋ?

ಈ ಜಾತಿಯ ಮರಿಗಳು ಮೈಯಲ್ಲಿ ಬೇಗ ದೊಡ್ಡವಾಗುತ್ತವೆ, ಹೊಟ್ಟೆ ಮಾತ್ರ ಮಗುವಿನದೇ. ನಾನು ಗೋಡೆಗೆ ಅಂಟಿಸಿದ್ದನ್ನು ಮತ್ತೆ ಬರೆಯುತ್ತೇನೆ. ಹಾಲು ಬೇಡ. ನಾನು ಕೊಟ್ಟು ಬಂದ ಮೂಟೆಯ ತಿಂಡಿಯೊಂದೇ ಸಾಕು, ದಿನಾ ಅದೇ ಹೊತ್ತಿಗೆ, ಮೂರು ಪಾಲು ಮಾಡಿ. ಬೇರೆ ತಿಂಡಿಗೆ ಬದಲಾಯಿಸಲೇಬೇಕಾದರೆ ಒಂದು ವಾರ ಹಳೆಯದರ ಜೊತೆ ಹೊಸದನ್ನು ಚೂರು ಚೂರೇ ಬೆರೆಸಿ ಹಾಕಿ. ಉಂಡ ಮೇಲೆ ಒಂದು ತಾಸು ಓಡಿಸಬೇಡಿ. ಓಡಿ ಬಂದ ಕೂಡಲೇ ತಿನ್ನಿಸಲೂ ಬೇಡಿ. ಗಬಗಬ ನುಂಗಿದರೆ ಗಾಳಿಯೂ ಒಳಗೆ ಹೋಗುತ್ತದೆ, ಆದ್ದರಿಂದ ನಿಧಾನವಾಗಿ ತಿನ್ನುವ ಹಾಗೆ ಏನಾದರೂ ಮಾಡಿ. ರಸ್ತೆಯವರ ಕಾಣಿಕೆ ಪೂರ್ತಿ ಬಂದ್.

ಇನ್ನೊಂದು, ನನಗೆ ಮರಿ ಕೊಟ್ಟವರು ಹೇಳಿಕೊಟ್ಟಿದ್ದು. ದಿನಾ ಬೆಳಿಗ್ಗೆ ಅವನನ್ನು ಮಲಗಿಸಿ ಹೊಟ್ಟೆಗೆ ಕಿವಿ ಕೊಡಿ. ಗುರುಗುರು ಅನ್ನುತ್ತಿದ್ದರೆ ಎಲ್ಲ ಸರಿ ಎಂದರ್ಥ. ಸದ್ದೇ ಇಲ್ಲದಿದ್ದರೆ, ಅಥವಾ ಹೊಟ್ಟೆ ಬಿಗಿದಿದ್ದರೆ, ಡಾಕ್ಟರರ ಹತ್ತಿರ ಓಡಬೇಕು. ಹೇಗಿತ್ತು ಅಂತ ನನಗೆ ಬರೆಯಿರಿ.

ನನ್ನ ವಿಷಯ ಹೇಳುವಂಥದ್ದೇನಿಲ್ಲ. ಹಡಗಿಗಿಂತ ಎತ್ತರದಲ್ಲಿ ಒಂದು ಗಾಜಿನ ಗೂಡು, ಅದರೊಳಗೆ ನಾನೊಬ್ಬಳೇ. ಕೆಳಗೆ ಜನರ ಬಾಯಿ ಆಡುವುದು ಕಾಣುತ್ತದೆ, ಮಾತು ಮೇಲಕ್ಕೆ ಬರುವುದಿಲ್ಲ. ಒಬ್ಬ ಕೈಸನ್ನೆ ಮಾಡುತ್ತಾನೆ. ಅವನ ಕೈ ನೋಡಿಕೊಂಡೇ ನನ್ನ ದಿನ ಕಳೆಯುತ್ತದೆ. ಅದಕ್ಕೇ ಭಾನುವಾರ ಒಂದು ಧ್ವನಿ ಬೇಕೆನಿಸುತ್ತದೆ. ಈ ಭಾನುವಾರವೂ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು.

ನಿಮ್ಮ,
ಮಗಳು


ಫೆಬ್ರವರಿ ೨

ಮಗಳಿಗೆ,

ನಿನ್ನ ಕಾಗದ ಬರುವ ಮೊದಲೇ ನಾನು ಹಾಲು ನಿಲ್ಲಿಸಿದ್ದೆ. ಯಾಕೆ ಎಂದು ಕೇಳಬೇಡ. ಕೇಳುತ್ತೀಯ. ಹೇಳಿಬಿಡುತ್ತೇನೆ: ಎರಡು ದಿನ ಲಾರಿಯ ಸೈಲೆನ್ಸರು ಕೆಟ್ಟಿತ್ತು. ಅಂಗಡಿ ತೊಳೆದೂ ತೊಳೆದೂ ನನ್ನ ಸೊಂಟ ಕೆಟ್ಟಿತು. ಟೈಲರಮ್ಮ ಕಿಟಕಿ ಮುಚ್ಚಿಕೊಂಡು ಹೊಲಿದಳು. ಈಗ ಸರಿಹೋಗಿದೆ.

ಈಗ ಇಲ್ಲಿ ಮಿಲಿಟರಿ ಶಿಸ್ತು. ಅಂಗಡಿಯ ಮುಂದೆ ಹಲಗೆ ನಿಲ್ಲಿಸಿದ್ದೇನೆ: ‘ಗಾಳಿ ಹಾಕಲಾಗುತ್ತದೆ. ನಾಯಿಗೆ ಏನನ್ನೂ ಹಾಕಬಾರದು.’ ಬೇಕರಿಯವನು ಬನ್ನು ಹಿಡಿದು ಬಂದವನು ಹಲಗೆ ಓದಿ, “ಅಣ್ಣಾ, ನಿಮಗಾದ್ರೂ ಹಾಕಬಹುದಾ?” ಎಂದ. ನನಗೆ ಹಾಕಬಹುದು ಎಂದೆ. ದಿನಕ್ಕೆ ಮೂರು ಊಟ, ಉಂಡ ಮೇಲೆ ನಿದ್ದೆ. ಅವನ ನಿದ್ದೆಯ ಜಾಗ ನಿನ್ನ ಚಿಕ್ಕಮ್ಮನ ಕುರ್ಚಿ. ಎರಡು ಕಾಲು ಹೊರಗೆ ನೇತಾಡುತ್ತವೆ. ಎಬ್ಬಿಸಲು ಹೋಗಿದ್ದೆ, ಆಮೇಲೆ ಇರಲಿ ಎಂದು ಬಿಟ್ಟೆ. ಖಾಲಿ ಕುರ್ಚಿ ನೋಡುವುದಕ್ಕಿಂತ ಇದು ವಾಸಿ.

ಇನ್ನು ನನ್ನ ಸಂಶೋಧನೆ. ನಿಧಾನವಾಗಿ ತಿನ್ನುವ ಹಾಗೆ ಮಾಡಿ ಎಂದು ಬರೆದಿದ್ದೆಯಲ್ಲ, ಅದಕ್ಕೆ ಹಳೆಯ ಸ್ಕೂಟರ್ ಟೈರೊಂದನ್ನು ಉಜ್ಜಿ ತೊಳೆದು ನೆಲಕ್ಕೆ ಮಲಗಿಸಿ, ಅದರ ಒಳಗಿನ ಟೊಳ್ಳಿನಲ್ಲಿ ಸುತ್ತಲೂ ತಿಂಡಿ ಉದುರಿಸಿದೆ. ಅವನು ಮೂತಿ ತೂರಿಸಿ, ನಾಲಿಗೆ ಚಾಚಿ, ಟೈರಿನ ಸುತ್ತ ಪ್ರದಕ್ಷಿಣೆ ಹಾಕಿಕೊಂಡು ತಿನ್ನಬೇಕು. ಒಂದು ನಿಮಿಷದ ಊಟ ಕಾಲು ಗಂಟೆಯಾಯಿತು! ನೋಡಲು ಜನ ಸೇರುತ್ತಾರೆ. ಊಟ ಮುಗಿದ ಮೇಲೂ ಅವನು ಟೈರನ್ನು ಬಿಡುವುದಿಲ್ಲ, ಕಾಲಿನ ನಡುವೆ ಇಟ್ಟುಕೊಂಡು ಕಡಿಯುತ್ತಾ ಕೂರುತ್ತಾನೆ. ನನ್ನ ಕಸುಬನ್ನು ಮುಂದುವರಿಸುವವನು ಇವನೇ ಎಂದು ಕಾಣುತ್ತದೆ.

ಹೊಟ್ಟೆಯ ಸದ್ದು ಹೇಗಿದೆ ಎಂದು ಕೇಳಿದ್ದೆಯಲ್ಲ. ದಿನಾ ಕಿವಿ ಕೊಡುತ್ತೇನೆ. ಫಸ್ಟ್ ಕ್ಲಾಸ್. ಹೊಸ ಇಂಜಿನ್ ನಿಂತಲ್ಲೇ ಓಡುತ್ತಿದ್ದ ಹಾಗೆ.

ಫೋನಿನ ತಂತಿಯನ್ನು ಲಾರಿ ಕಡಿದಿದ್ದಾನೆ, ಚಾರ್ಜ್ ಆಗುವುದಿಲ್ಲ. ಬೈಯಬೇಡ, ಮಗು.

ಇಂತಿ,
ಸಂಶೋಧಕ ಚಿಕ್ಕಪ್ಪ


ಫೆಬ್ರವರಿ ೧೪

ಚಿಕ್ಕಪ್ಪ,

ಈ ಕಾಗದ ಕೈಗೆ ಬಂದ ತಕ್ಷಣ ಆ ಟೈರನ್ನು ಅವನಿಂದ ದೂರ ಇಡಿ. ಉಳಿದದ್ದು ಆಮೇಲೆ ಓದಿ. ಅವನಿಗೆ ಹಲ್ಲು ಬರುವ ವಯಸ್ಸು, ಸಿಕ್ಕಿದ್ದನ್ನೆಲ್ಲ ಕಡಿಯುತ್ತಾನೆ. ಕಡಿದದ್ದನ್ನು ಉಗುಳುತ್ತಾನೆ ಎಂದು ನಂಬಬೇಡಿ. ಮೂರು ಸಲ ಫೋನು ಮಾಡಿದೆ. ಅಕ್ಕಪಕ್ಕದ ಅಂಗಡಿಯವರ ಪೈಕಿ ಯಾರ ನಂಬರೂ ನನ್ನ ಹತ್ತಿರ ಇಲ್ಲ.

ಇಟ್ಟಿರಾ? ಸರಿ. ಒಂದು ಸಂತೋಷದ ವಿಷಯ. ಬಂದರಿನ ಕ್ವಾರ್ಟರ್ಸಿನಲ್ಲಿ ನನಗೊಂದು ಮನೆ ಕೊಟ್ಟಿದ್ದಾರೆ. ಹಿಂದೆ ಅಂಗಳ ಇದೆ, ಹಸು ಕಟ್ಟುವಷ್ಟು ದೊಡ್ಡದು. ಏಪ್ರಿಲಿನಲ್ಲಿ ಬಂದು ಲಾರಿಯನ್ನು ಕರೆದುಕೊಂಡು ಬರುತ್ತೇನೆ. ನಿಮಗೂ ಅಂಗಡಿ ತೊಳೆಯುವ ಕಾಟ ತಪ್ಪುತ್ತದೆ.

ನಿಮ್ಮ,
ಮಗಳು


ಫೆಬ್ರವರಿ ೨೧

ಮಗಳಿಗೆ,

ಲಾರಿ ಆಸ್ಪತ್ರೆಯಲ್ಲಿದ್ದಾನೆ. ಉಸಿರಾಡುತ್ತಿದ್ದಾನೆ. ಉಳಿಯುತ್ತಾನೋ ಇಲ್ಲವೋ ಎರಡು ದಿನ ಹೋಗಬೇಕು ಎಂದು ಡಾಕ್ಟರಮ್ಮ ಹೇಳಿದ್ದಾರೆ.

ನಿನ್ನೆ ಬೆಳಿಗ್ಗೆ ತಿಂಡಿ ಮುಟ್ಟಲಿಲ್ಲ. ಹಟ ಇರಬೇಕು ಅಂದುಕೊಂಡು ಒಂದು ಟ್ರಕ್ಕಿನ ಚಕ್ರ ಬಿಚ್ಚಲು ಕೂತೆ. ಅವನಿಗೆ ಬೆನ್ನು ಮಾಡಿ ಕೂತಿದ್ದೆ. ಬಿಸಿಲು ಏರಿದ ಮೇಲೆ ಟೈಲರಮ್ಮ ಬಂದು ನನ್ನ ಹೆಗಲು ಹಿಡಿದು ತಿರುಗಿಸಿದಳು. ಅವಳ ಬಾಯಿ ಜೋರಾಗಿ ಆಡುತ್ತಿತ್ತು. ಕುತ್ತಿಗೆಯಲ್ಲಿ ಅಳತೆಪಟ್ಟಿ ಹಾಗೇ ಇತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅವಳು ಕೈ ತೋರಿಸಿದ ಕಡೆ ನೋಡಿದೆ. ಕುರ್ಚಿಯ ಕೆಳಗೆ ಅವನು ಅಡ್ಡ ಬಿದ್ದಿದ್ದ. ಸುತ್ತಲೂ ವಾಂತಿ. ಬಾಯಿ ತೆರೆದಿತ್ತು, ಕಣ್ಣು ನನ್ನ ಮೇಲೆ.

ಹೊಟ್ಟೆಗೆ ಹೆಬ್ಬೆರಳು ಇಟ್ಟೆ. ಗಾಳಿ ಹೆಚ್ಚಾದ ಟ್ಯೂಬಿನ ಹಾಗಿತ್ತು. ಟ್ಯೂಬಾಗಿದ್ದರೆ ಏನು ಮಾಡಬೇಕೆಂದು ನನಗೆ ಗೊತ್ತಿತ್ತು.

ಬೇಕರಿಯವನ ವ್ಯಾನಿನಲ್ಲಿ ಬ್ರೆಡ್ಡಿನ ಟ್ರೇಗಳ ನಡುವೆ ಮಲಗಿಸಿಕೊಂಡು ಹೋದೆವು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಕೈ ಗಟ್ಟಿ. ಫೋಟೋ ತೆಗೆದು ನೋಡಿ, ಕರುಳಿನಲ್ಲಿ ಏನೋ ಸಿಕ್ಕಿಕೊಂಡಿದೆ, ಕೊಯ್ಯಬೇಕು ಎಂದರು. ಕೊಯ್ದು ತೆಗೆದದ್ದನ್ನು ಒಂದು ತಟ್ಟೆಯಲ್ಲಿ ತಂದು ತೋರಿಸಿದರು. ನನ್ನ ಕಿರುಬೆರಳಿನಷ್ಟುದ್ದ ರಬ್ಬರು. ಒಂದು ಬದಿಯಲ್ಲಿ ಟೈರಿನ ಗೀರುಗಳು ಹಾಗೇ ಇದ್ದವು. ಯಾವ ಟೈರು ಎಂದು ಅವರು ಕೇಳಲಿಲ್ಲ.

“ಬೆಳಿಗ್ಗೆಯಿಂದ ಕಿರುಚಿದೆಯಂತೆ ಪಾಪ. ಎದುರುಮನೆಯವರು ಹೇಳಿದ್ರು. ನಿಮಗೆ ಕೇಳಿಸ್ಲಿಲ್ವಾ?” ಎಂದು ಒಂದು ಚೀಟಿಯಲ್ಲಿ ಬರೆದು ತೋರಿಸಿದರು. ಅವರಿಗೆ ಅದನ್ನು ಬರೆಯಬೇಕೆಂದು ಯಾಕೆ ಅನ್ನಿಸಿತೋ. “ಕಂಪ್ರೆಸರ್ ಓಡ್ತಾ ಇತ್ತು ಡಾಕ್ಟ್ರೇ” ಎಂದೆ.



ಚಿಕ್ಕಪ್ಪ


ಫೆಬ್ರವರಿ ೨೮

ಮಗಳಿಗೆ,

ಬದುಕಿದ. ಮೊದಲ ಸಾಲಿನಲ್ಲೇ ಹೇಳಿದ್ದೇನೆ.

ನಿನ್ನ ಹದಿನಾಲ್ಕರ ಕಾಗದ ಅವನನ್ನು ಕೊಯ್ದ ಮೂರನೇ ದಿನ ಬಂತು. ‘ತಕ್ಷಣ ಟೈರನ್ನು ದೂರ ಇಡಿ’ ಎಂಬ ಸಾಲನ್ನು ಅಂಚೆಯವನ ಎದುರಿಗೇ ನಿಂತು ಓದಿದೆ. ಆ ಟೈರು ಈಗ ಊರ ಹೊರಗಿನ ಗುಜರಿಯಲ್ಲಿದೆ. ಅಂಗಡಿಯ ಉಳಿದ ಟೈರುಗಳಿಗೆ ಅಡ್ಡವಾಗಿ ಜಾಲರಿ ಬಾಗಿಲು ಕೂರಿಸಿದ್ದೇನೆ. ಗಿರಾಕಿಗಳು ಟೈರುಗಳಿಗೆ ಜೈಲಾಯಿತೇ ಎಂದು ನಗುತ್ತಾರೆ. ನಗಲಿ.

ಬೇಕರಿಯವನು ತನ್ನ ಹಳೆಯ ಗುಳಿ ಗುಳಿ ಇರುವ ಕೇಕಿನ ತಟ್ಟೆ ಕೊಟ್ಟಿದ್ದಾನೆ. ನೆನೆಸಿ ಮೆತ್ತಗೆ ಮಾಡಿದ ತಿಂಡಿಯನ್ನು ಗುಳಿಗೆ ಒಂದು ಚಮಚದಂತೆ ಹಾಕುತ್ತೇನೆ. ತಗಡು, ಕಡಿಯಲಾಗುವುದಿಲ್ಲ. ಸ್ವಲ್ಪ ಸ್ವಲ್ಪ, ದಿನಕ್ಕೆ ಆರು ಸಲ, ಡಾಕ್ಟರಮ್ಮ ಹೇಳಿದ ಹಾಗೇ. ನೀರು ಹಳೆಯದಾಗಲು ಬಿಡುವುದಿಲ್ಲ. ಉಂಡ ಮೇಲೆ ನಾನೂ ಅವನ ಜೊತೆ ಕೂರುತ್ತೇನೆ. ನಾನು ಎದ್ದರೆ ಅವನೂ ಏಳುತ್ತಾನೆ, ಅದಕ್ಕೆ. ಅವನು ಹಿತ್ತಿಲಿನಲ್ಲಿ ಮುಗಿಸಿ ಬಂದ ಮೇಲೆ ಹೋಗಿ ಬಗ್ಗಿ ನೋಡುತ್ತೇನೆ. ಟೈಲರಮ್ಮ ತನ್ನ ಕಿಟಕಿಯಿಂದ ಹೆಬ್ಬೆರಳು ಮೇಲೋ ಕೆಳಗೋ ಎಂದು ಸನ್ನೆ ಮಾಡಿ ಕೇಳುತ್ತಾಳೆ. ಮೇಲೆ ಎಂದು ತೋರಿಸುತ್ತೇನೆ. ಈ ವಯಸ್ಸಿನಲ್ಲಿ ಒಬ್ಬ ಹೆಂಗಸಿನ ಜೊತೆ ನನ್ನ ಸಂಭಾಷಣೆ ಇದು.

ಏಪ್ರಿಲಿನಲ್ಲಿ ಬಂದು ಅವನನ್ನು ಕರೆದುಕೊಂಡು ಹೋಗು. ತಡ ಮಾಡಬೇಡ. ಅಂಗಳ ಇದೆ, ನೀನಿದ್ದೀಯ. ಈ ಮನೆಯಲ್ಲಿ ಅವನು ಕೂಗಿದರೆ

ಅಂಗಡಿಯಲ್ಲಿ ಕೆಲಸವೂ ಜಾಸ್ತಿ.

ಇಂತಿ,
ನಿನ್ನ ಚಿಕ್ಕಪ್ಪ


ಮಾರ್ಚ್ ೧೨

ಚಿಕ್ಕಪ್ಪ,

ನಿಮ್ಮ ಎರಡು ಕಾಗದಗಳೂ ಒಂದೇ ದಿನ ಬಂದವು. ಪುಣ್ಯಕ್ಕೆ ಎರಡನೆಯದನ್ನೇ ಮೊದಲು ಒಡೆದೆ. ಆಮೇಲೆ ಮೊದಲನೆಯದನ್ನು ಕ್ರೇನಿನ ಮೇಲೆ ಕೂತು ಓದಿದೆ. ಕೆಳಗಿನವನು ಕೈ ಬೀಸಿ ಬೀಸಿ ಸೋತು ಸುಮ್ಮನಾದ.

ಕಂಪ್ರೆಸರಿನ ವಿಷಯ ನಾನೇನೂ ಕೇಳುವುದಿಲ್ಲ. ಮೋಟಾರು ರಿಪೇರಿಯಾಗಿದ್ದರೆ ಸಂತೋಷ.

ಒಂದು ತೊಂದರೆಯಾಗಿದೆ. ಆ ಮನೆಯ ಅಂಗಳ ನಾನು ಅಂದುಕೊಂಡಷ್ಟು ದೊಡ್ಡದಲ್ಲ. ಹಡಗುಗಳ ಹಾರನ್ನಿಗೆ ಮರಿ ಹೆದರುತ್ತಾನೆ. ದಿನಕ್ಕೆ ಆರು ಸಲ ಕೇಕಿನ ತಟ್ಟೆಯಲ್ಲಿ ಹಾಕಲು ನನಗೆ ರಜೆ ಯಾರು ಕೊಡುತ್ತಾರೆ? ಆದ್ದರಿಂದ ಲಾರಿ ಅಲ್ಲೇ ಇರಲಿ. ಏಪ್ರಿಲಿನಲ್ಲಿ ಬಂದು ಇಬ್ಬರನ್ನೂ ನೋಡಿಕೊಂಡು ಹೋಗುತ್ತೇನೆ.

ಫೋನು ಇಲ್ಲೂ ಸರಿಯಾಗಿ ಸಿಗುವುದಿಲ್ಲ. ಕಾಗದವೇ ಒಳ್ಳೆಯದು. ಮೇಲೆ ಕೂತು ಕೂತು ನನಗೂ ಒಂದು ವಿಷಯ ತಿಳಿದಿದೆ, ಚಿಕ್ಕಪ್ಪ. ಸದ್ದು ಇಲ್ಲದೆಯೂ ಕೆಲಸ ನಡೆಯುತ್ತದೆ. ಯಾರಾದರೊಬ್ಬರು ಕೈ ತೋರಿಸಲು ಇರಬೇಕು, ಅಷ್ಟೆ.

ಹೊಟ್ಟೆ ಹೇಗಿದೆ, ಬರೆಯಿರಿ. ಅವನದೂ, ನಿಮ್ಮದೂ.

ನಿಮ್ಮ,
ಮಗಳು


ಮಾರ್ಚ್ ೨೫

ಮಗಳಿಗೆ,

ಹಿಂದಿನ ಕಾಗದದಲ್ಲಿ ಹಸು ಕಟ್ಟುವಷ್ಟಿದ್ದ ಅಂಗಳ ಈ ಕಾಗದದಲ್ಲಿ ಕುಗ್ಗಿಹೋಗಿದೆ. ಸುಳ್ಳು ಹೇಳುವುದು ನನ್ನ ಇಲಾಖೆ, ಅದಕ್ಕೆ ಕೈ ಹಾಕಬೇಡ. ನಿನಗೆ ಅದು ಬರುವುದಿಲ್ಲ. ಚಿಕ್ಕವಳಿದ್ದಾಗಲೂ ಬರುತ್ತಿರಲಿಲ್ಲ. ಬೆಲ್ಲ ಕದ್ದು ಕೈ ಹಿಂದೆ ಕಟ್ಟಿಕೊಂಡು ನಿಂತಿರುತ್ತಿದ್ದೆ.

ಹಾಸ್ಟೆಲಿನ ಕಥೆಯೂ ಇಂಥದ್ದೇ ಇರಬೇಕು ಎಂದು ಈಗ ಅನ್ನಿಸುತ್ತಿದೆ. ಚಿಕ್ಕಮ್ಮ ಹೋದ ಮೂರನೇ ತಿಂಗಳಿಗೆ ಸರಿಯಾಗಿ ಕುರ್ಚಿ ತುಂಬುವಷ್ಟು ದೊಡ್ಡ ನಾಯಿಯೇ ಬೇಕಿತ್ತೇ ನಿನಗೆ? ಉತ್ತರ ಬರೆಯಬೇಡ.

ಹೊಲಿಗೆ ಬಿಚ್ಚಿದ್ದಾರೆ. ತಿಂಡಿ ಈಗ ಮೂರು ಸಲಕ್ಕೆ ಬಂದಿದೆ. ನಿನ್ನೆ ತೂಕ ಹಾಕಿದರು, ಹೆಚ್ಚಿದೆ. ಡಾಕ್ಟರಮ್ಮ ಅವನ ಹೊಟ್ಟೆಯ ಮೇಲೆ ಕೊಳವೆ ಇಟ್ಟು ಕೇಳಿ ನಕ್ಕರು. ಕೊಳವೆಯನ್ನು ನನ್ನ ಕಿವಿಗೂ ಹಾಕಿದರು. ಚೆನ್ನಾಗಿದೆ ಎಂದು ನಾನೂ ನಕ್ಕೆ. ಅವರು ನನ್ನ ಮುಖ ನೋಡಿ, ಕೊಳವೆ ತೆಗೆದು, ನನ್ನ ಅಂಗೈ ಹಿಡಿದು ಅವನ ಹೊಟ್ಟೆಯ ಮೇಲೆ ಇಟ್ಟರು. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಏನೋ ಉರುಳಿತು, ದೂರದ ರಸ್ತೆಯಲ್ಲಿ ಲಾರಿಯೊಂದು ಗೇರು ಬದಲಾಯಿಸಿದ ಹಾಗೆ. ಈಗ ದಿನಾ ಬೆಳಿಗ್ಗೆ ಅಂಗೈ ಇಟ್ಟುಕೊಂಡು ಅದಕ್ಕೆ ಕಾಯುತ್ತೇನೆ. ಬಾರದೆ ಇದ್ದ ದಿನ ಇಲ್ಲ. ಫೆಬ್ರವರಿಯಲ್ಲಿ ಫಸ್ಟ್ ಕ್ಲಾಸ್ ಎಂದು ಬರೆದಿದ್ದೆನಲ್ಲ, ಅದನ್ನು ಹೊಡೆದುಹಾಕು.

ಅವನೊಂದು ಹೊಸ ಕೆಲಸ ಕಲಿತಿದ್ದಾನೆ. ಕಲಿಸಿದವನು ನಾನೇ ಎಂದು ಹೇಳೋಣವೆಂದಿದ್ದೆ. ಅಲ್ಲ, ತಾನೇ ಕಲಿತ. ಗಿರಾಕಿ ಬಂದು ಕರೆದರೆ ಎದ್ದು ಬಂದು ನನ್ನ ಮಂಡಿಗೆ ಮೂಗು ಒತ್ತುತ್ತಾನೆ. ಟೈಲರಮ್ಮ ಕೂಗಿದರೆ ಒತ್ತುತ್ತಾನೆ. ಮೊನ್ನೆ ಭಾನುವಾರ ಮಂಡಿಗೆ ಒತ್ತಿ, ಗೋಡೆಯ ಗೂಡಿನಲ್ಲಿಟ್ಟಿದ್ದ ಫೋನಿನ ಕಡೆ ಹೋಗಿ ನಿಂತ. ನೋಡಿದರೆ ಬೆಳಕು ಮಿನುಗುತ್ತಿತ್ತು. ಕಾಗದವೇ ಒಳ್ಳೆಯದು ಎಂದು ಬರೆದವಳು ಮತ್ತೆ ಫೋನು ಮಾಡಿದ್ದೆ. ತಂತಿ ಕಡಿದದ್ದು ಸುಳ್ಳು ಎಂಬುದೂ ನಿನಗೆ ಗೊತ್ತಿತ್ತು ಹಾಗಾದರೆ.

ಆದ್ದರಿಂದ ಹೀಗೆ ಮಾಡೋಣ. ಭಾನುವಾರ ಅವನ ಬೆಳಗಿನ ಊಟ ಮುಗಿದು ಒಂದು ತಾಸು ಆದ ಮೇಲೆ ಫೋನು ಮಾಡು. ಅವನು ಮೂಗು ಒತ್ತುತ್ತಾನೆ, ನಾನು ಎತ್ತುತ್ತೇನೆ. ಮಾತಾಡುವವನು ನಾನು. ಇಡೀ ವಾರದ್ದು ಇರುತ್ತದೆ, ನಿನಗೆ ಬೇಸರವಾದರೂ ನನಗೆ ತಿಳಿಯುವುದಿಲ್ಲ, ಅದೇ ಅನುಕೂಲ. ನಿನಗೆ ಹೇಳುವುದಿದ್ದರೆ ಬರೆದು ಕಳಿಸು. ನನ್ನ ಮಾತು ಮುಗಿದ ಮೇಲೆ ಫೋನನ್ನು ಅವನ ಹೊಟ್ಟೆಯ ಮೇಲೆ ಇಡುತ್ತೇನೆ. ನೀನು ಕೂಡಲೇ ಫೋನು ಇಟ್ಟುಬಿಡಬೇಡ, ಸ್ವಲ್ಪ ಹೊತ್ತು ಹಿಡಿದುಕೊಂಡಿರು.

ಅದು ಹೇಗೆ ಕೇಳಿಸಿತು ಎಂದು ವಿವರವಾಗಿ ಬರಿ.

ಇಂತಿ ನಿನ್ನ,
ಚಿಕ್ಕಪ್ಪ